ಹವಳದ ಮನೆಯ ಜನಗಣತಿ

ಮಂಗಳಸೂತ್ರದಲ್ಲಿ ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳವು ಕಲ್ಲೊ, ಬೇರೊ, ಮತ್ತೇನೊ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವರು. ನವರತ್ನಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿರುವುದರಿಂದ ಕಲ್ಲೆನ್ನುವವರೇ ಹೆಚ್ಚು. ಯುರೋಪಿನ ಪಂಡಿತರು ಬಹುಕಾಲ ಅದನ್ನು ಗಿಡವೆಂದು ಬಗೆದಿದ್ದರು. ಪೆಯ್ಸೊನೆಲ್ ಎಂಬ ಫ್ರೆಂಚ್ ವೈದ್ಯನು 1720ರ ದಶಕದಲ್ಲಿ ಮೆಡಿಟರೇನಿಯನ್ ಸಮುದ್ರದ ಹವಳವನ್ನು ಪರೀಕ್ಷಿಸಿ, ಅದರ ಮೇಲೆ ಅರಳುವವು ಹೂಗಳಲ್ಲ, ಸಣ್ಣ ಸಣ್ಣ ಪ್ರಾಣಿಗಳು ಎಂದು ಬರೆದಾಗ ಪ್ಯಾರಿಸಿನ ವಿದ್ವತ್ಸಭೆಯವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂದು ಅದು ಶಾಲೆಯ ಮಕ್ಕಳ ಪಾಠವಾಗಿದೆ.

ಆಭರಣದ ಕೆಂಪು ಹವಳದ ಪ್ರಾಣಿಗೆ ಎಂಟು ಕೈಗಳು. ಕಡಲಿನಲ್ಲಿ ದಿಬ್ಬಗಳನ್ನೂ ದ್ವೀಪಗಳನ್ನೂ ಕಟ್ಟುವ ಹವಳವು ಅದರ ದಾಯಾದಿ. ಅದರ ಕೈಗಳ ಲೆಕ್ಕ ಆರು, ಇಲ್ಲವೆ ಆರರ ಮಡಿ. ಮುಂದಿನ ಮಾತೆಲ್ಲ ಈ ದಿಬ್ಬ ಕಟ್ಟುವ ಹವಳವನ್ನು ಕುರಿತದ್ದು.

ಪ್ರಾಣಿಯೆಂದು ಒಪ್ಪಿಕೊಂಡೆವು, ಸರಿ. ಆದರೆ ಒಂದು ಪ್ರಾಣಿಯೊ, ಹಲವೊ? ಸರಕಾರಿ ಕಚೇರಿಯಲ್ಲಿ ದುಡಿಯುವವರಿಗೆ ತಲೆ ಎಣಿಸುವ ಕೆಲಸ ಹೊಸದಲ್ಲ. ಜನಗಣತಿ ಬಂದರೂ ಚುನಾವಣೆ ಬಂದರೂ ನಮ್ಮ ಕೈಗೆ ಪಟ್ಟಿ ಬರುವುದುಂಟು. ಆದುದರಿಂದಲೊ ಏನೊ, ಹವಳದ ವಿಷಯ ಓದುವಾಗಲೂ ನನ್ನ ಮನಸ್ಸು ಈ ಎಣಿಕೆಯ ಪ್ರಶ್ನೆಗೇ ಅಂಟಿಕೊಂಡಿತು. ಅದು ತೋರುವಷ್ಟು ಸುಲಭದ ಪ್ರಶ್ನೆಯಲ್ಲ.

ಹವಳದ ಒಂದೊಂದು ಪ್ರಾಣಿಗೂ ಪಾಲಿಪ್ ಎಂದು ಹೆಸರು. ಒಂದು ಪುಟ್ಟ ಚೀಲ, ಚೀಲಕ್ಕೆ ಒಂದೇ ಬಾಯಿ, ಬಾಯಿಯ ಸುತ್ತ ಬೆರಳಿನಂತಹ ಕೈಗಳು. ಬಹಳಷ್ಟು ಜಾತಿಗಳಲ್ಲಿ ಅದು ಜೋಳದ ಕಾಳಿಗಿಂತ ದೊಡ್ಡದಿರುವುದಿಲ್ಲ. ತನ್ನ ಕೆಳಗೆ ಸುಣ್ಣದ ಬಟ್ಟಲೊಂದನ್ನು ಕಟ್ಟಿಕೊಂಡು ಅದರಲ್ಲಿ ಕೂತಿರುತ್ತದೆ. ಮೊದಲು ಒಂದು ಮರಿ ನೀರಿನಲ್ಲಿ ಈಜಿ ಬಂದು ಬಂಡೆಗೆ ಅಂಟಿಕೊಂಡು ಪಾಲಿಪ್ ಆಗುತ್ತದೆ. ಆ ಮೇಲೆ ಅದರ ಮಗ್ಗುಲಲ್ಲಿ ಮೊಗ್ಗೊಡೆದು ಎರಡನೆಯದು, ಅದರ ಮಗ್ಗುಲಲ್ಲಿ ಮೂರನೆಯದು. ಹೀಗೆ ಸಾವಿರ, ಹತ್ತು ಸಾವಿರ. ಇಂತಹ ಒಟ್ಟಿಲನ್ನು ವಿಜ್ಞಾನಿಗಳು 'ಕಾಲನಿ' ಎನ್ನುವರು. ಪುಣೆಯವರಿಗೆ ಆ ಶಬ್ದ ಕೇಳಿದೊಡನೆ ನೀರಿನ ಟ್ಯಾಂಕೂ ಸೊಸೈಟಿಯ ಜಗಳವೂ ನೆನಪಾಗುವುದರಿಂದ ನಾನು ಇಲ್ಲಿ 'ಮನೆ' ಎಂದೇ ಕರೆಯುತ್ತೇನೆ.

ಈ ಮನೆಯಲ್ಲಿ ಪಾಲಿಪ್‌ಗಳು ಬೇರೆ ಬೇರೆಯಾಗಿ ಕಂಡರೂ ತೆಳುವಾದ ಚರ್ಮದ ಹಾಸಿನಿಂದ ಒಂದಕ್ಕೊಂದು ಕೂಡಿಕೊಂಡಿವೆ. ಒಂದು ನುಂಗಿದ ಆಹಾರದ ರಸ ಪಕ್ಕದ್ದಕ್ಕೂ ಹರಿಯುತ್ತದೆ. ನಮ್ಮ ಜನಗಣತಿಯ ಕಟ್ಟಳೆಯಲ್ಲಿ ಒಂದು ಕುಟುಂಬವೆಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಜನ. ಆ ಕಟ್ಟಳೆಯನ್ನು ಹಿಡಿದರೆ ಹವಳದ ಮನೆ ನಿಸ್ಸಂದೇಹವಾಗಿ ಒಂದು ಕುಟುಂಬ. ಅಷ್ಟೇ ಅಲ್ಲ, ಎಲ್ಲರೂ ಒಂದೇ ಮರಿಯ ಮೊಗ್ಗುಗಳಾದುದರಿಂದ ಎಲ್ಲರ ವಂಶವಾಹಿಗಳೂ ಒಂದೇ ಇರಬೇಕು. ಅಣ್ಣತಮ್ಮಂದಿರ ಹೋಲಿಕೆಯಲ್ಲ, ಅಚ್ಚು ಹೊಯ್ದ ಹೋಲಿಕೆ. ಬಹುಕಾಲ ಎಲ್ಲರೂ ಹಾಗೆಯೇ ತಿಳಿದಿದ್ದರು.

ಇಲ್ಲಿ ಒಂದು ಮಾತು. ಘಟ್ಟದ ಮೇಲಿನ ಪುಣೆಯಲ್ಲಿ ಕೂತು ಹವಳದ ಚಿಂತೆ ಏಕೆ ಎಂದು ಕೇಳುವವರಿರಬಹುದು. ಹವಳವೆಂದರೆ ಆಸ್ಟ್ರೇಲಿಯಾ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ಇರುವ ನೇತ್ರಾಣಿ ದ್ವೀಪದ ಬಂಡೆಗಳ ಮೇಲೆ ಹವಳ ಬೆಳೆಯುತ್ತದೆ. ಮುಳುಗುವ ವಿದ್ಯೆ ಕಲಿತ ಹುಡುಗರು ಹೋಗಿ ನೋಡಿ ಬರುತ್ತಾರೆ. ಮಲ್ಪೆಗೆ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ನೀರಿನಡಿಯ ಒಂದು ದಿಬ್ಬದ ಮೇಲೆ ಜೀವಂತ ಹವಳವಿರುವುದನ್ನು 1970ರ ದಶಕದಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಹಡಗು ಕಂಡುಹಿಡಿಯಿತು. ಹಡಗಿನ ಹೆಸರು ಗವೇಷಣಿ. ದಿಬ್ಬಕ್ಕೂ ಅದೇ ಹೆಸರಾಯಿತು. ಇನ್ನು ನಮ್ಮ ಮಹಾರಾಷ್ಟ್ರದ ವಿಜಯದುರ್ಗದ ಎದುರು, ದಡದಿಂದ ನೂರು ಕಿಲೋಮೀಟರಿಗೂ ಆಚೆ ಇರುವ ಹವಳದ ದಿಬ್ಬಕ್ಕೆ ಕಾನ್ಹೋಜಿ ಆಂಗ್ರೆಯ ಹೆಸರಿನಿಂದ ಆಂಗ್ರಿಯಾ ಎಂದೇ ಹೆಸರು.

ಎಲ್ಲಕ್ಕಿಂತ ನಮಗೆ ಹತ್ತಿರದ್ದು ಅಮಿನಿದಿವಿ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳ ಗುಂಪು ಇದು. ಟಿಪ್ಪುವಿನ ಕೈಯಲ್ಲಿದ್ದ ಇವು 1799ರಲ್ಲಿ ಕಂಪನಿ ಸರಕಾರಕ್ಕೆ ಸೇರಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದವರ ಭಾಷೆ ಮಲಯಾಳವಾದರೂ ಅವರ ಹುರಿಹಗ್ಗವೂ ಕೊಬ್ಬರಿಯೂ ಹಾಯಿಯ ಓಡಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು. ರಾಜ್ಯ ಪುನರ್ವಿಂಗಡಣೆಯ ಕಡತ ತೆರೆದವರು ಬಳ್ಳಾರಿ, ಬೆಳಗಾವಿ, ಕಾಸರಗೋಡು ಎಂದು ಹುಡುಕುವರೇ ಹೊರತು, ಅದೇ ದಿನ ನಮ್ಮ ಒಂದು ಜಿಲ್ಲೆಯ ಕೈಯಿಂದ ಐದು ಹವಳದ ದ್ವೀಪಗಳು ಜಾರಿದುದನ್ನು ಯಾರೂ ಗಮನಿಸುವುದಿಲ್ಲ. ಆ ದ್ವೀಪಗಳ ನೆಲವೇ ಹವಳದ್ದು. ಹಳೆಯ ಮನೆ, ಮಸೀದಿಗಳ ಗೋಡೆಯೂ ಹವಳದ ಕಲ್ಲಿನದು.

ಮತ್ತೆ ಎಣಿಕೆಗೆ ಬರೋಣ. ಒಂದು ಮನೆ ಎಂದರೆ ಒಂದೇ ವಂಶ, ಅಚ್ಚು ಹೊಯ್ದಂತೆ, ಎಂದೆವಷ್ಟೆ. ಈ ಲೆಕ್ಕ ಎರಡು ಕಡೆಯಿಂದ ಕೆಡುತ್ತದೆ.

ಮೊದಲನೆಯದು, ಹೊರಗೆ ನೂರು ಮನೆಗಳಂತೆ ಕಾಣುವುದು ನಿಜವಾಗಿ ಒಂದೇ ವಂಶವಿರಬಹುದು. ಕೊಂಬೆಗೊಂಬೆಯಾಗಿ ಬೆಳೆಯುವ ಹವಳ ಬಿರುಗಾಳಿಗೆ ಮುರಿಯುತ್ತದೆ. ಮುರಿದ ತುಂಡು ಸಾಯದೆ ಇನ್ನೊಂದೆಡೆ ಅಂಟಿಕೊಂಡು ಹೊಸ ಮನೆಯಾಗುತ್ತದೆ. ಗುಲಾಬಿಯ ಕಡ್ಡಿ ಮುರಿದು ನೆಟ್ಟಂತೆಯೇ ಸರಿ. ಅಮೆರಿಕದ ದಕ್ಷಿಣಕ್ಕೆ ಕೆರಿಬಿಯನ್ ಸಮುದ್ರದಲ್ಲಿ ಒಂದು ಹವಳವುಂಟು. ಅಲ್ಲಿಯ ದೊಡ್ಡ ಜಿಂಕೆಯೊಂದರ ಕೊಂಬನ್ನು ಹೋಲುವುದರಿಂದ ಅದಕ್ಕೆ ಎಲ್ಕ್‌ಹಾರ್ನ್ ಎಂದು ಹೆಸರು. ನಾವು ಕಡವೆಗೊಂಬಿನ ಹವಳ ಎನ್ನೋಣ. ಫ್ಲೋರಿಡಾದ ಕೆಲವು ದಿಬ್ಬಗಳಲ್ಲಿ ಈ ಹವಳದ ವಂಶವಾಹಿಗಳನ್ನು ಪರೀಕ್ಷಿಸಿದಾಗ, ದಿಬ್ಬದ ಮೇಲಿದ್ದ ಅಷ್ಟೂ ಮನೆಗಳು ಒಂದೇ ಮೂಲದ ತುಂಡುಗಳೆಂದು ತಿಳಿದುಬಂತು. ಮನೆಗಳು ಹಲವು, ಮನೆತನ ಒಂದೇ!

ಕಣ್ಣಿನಿಂದ ಇದನ್ನು ಹೇಳಲಾಗುವುದಿಲ್ಲವೆ ಎಂದರೆ, ಇಲ್ಲ. ಧಾರವಾಡದ ಆಪೂಸು ದೊಡ್ಡದೊ ರತ್ನಾಗಿರಿಯದು ದೊಡ್ಡದೊ ಎಂದು ನಮ್ಮಲ್ಲಿ ಪ್ರತಿ ಬೇಸಿಗೆಯೂ ವಾದ ನಡೆಯುತ್ತದೆ. ಎರಡೂ ಕಸಿಯಿಂದ ಬಂದ ಒಂದೇ ತಳಿಯ ಮರಗಳು. ಮಣ್ಣು, ಗಾಳಿ ಬೇರೆ, ರುಚಿ ಬೇರೆ. ಹಾಗೆಯೇ ಒಂದೇ ವಂಶದ ಹವಳ ಅಲೆಯ ಹೊಡೆತವಿರುವಲ್ಲಿ ಗಿಡ್ಡಾಗಿ ದಪ್ಪಗೆ, ಶಾಂತವಾದ ನೀರಿನಲ್ಲಿ ತೆಳುವಾಗಿ ಹರಡಿಕೊಂಡು ಬೆಳೆಯಬಹುದು. ವಂಶವಾಹಿಯ ಪರೀಕ್ಷೆ ಬರುವ ಮುನ್ನ ವಿಜ್ಞಾನಿಗಳು ಇದನ್ನು ತಿಳಿಯಲು ಹವಳಕ್ಕೇ ಸಾಕ್ಷಿ ಹೇಳಿಸುತ್ತಿದ್ದರು. ಎರಡು ಮನೆಗಳಿಂದ ಒಂದೊಂದು ತುಂಡು ತಂದು ಒತ್ತಾಗಿ ಕಟ್ಟಿ ಕಡಲಲ್ಲಿ ಇಡುವುದು. ಒಂದೇ ವಂಶದವಾದರೆ ಚರ್ಮ ಕೂಡಿಕೊಂಡು ಒಂದಾಗುತ್ತವೆ. ಬೇರೆಯಾದರೆ ನಡುವೆ ಗೆರೆ ಬೀಳುತ್ತದೆ, ಒಂದು ಇನ್ನೊಂದರ ಅಂಚನ್ನು ಕೊಲ್ಲುತ್ತದೆ. ಹವಳಗಳ ಜಗಳ ಸಾಮಾನ್ಯದ್ದಲ್ಲ. 1970ರ ದಶಕದ ಆರಂಭದಲ್ಲಿ ಜಮೈಕಾದಲ್ಲಿ ಜುಡಿತ್ ಲ್ಯಾಂಗ್ ಎಂಬಾಕೆ ತೋರಿಸಿದಂತೆ, ಕೆಲವು ಜಾತಿಗಳು ತಮ್ಮ ಹೊಟ್ಟೆಯೊಳಗಿನ ಎಳೆಗಳನ್ನು ಹೊರಚಾಚಿ ಬೇರೆ ಜಾತಿಯ ನೆರೆಯವನನ್ನು ಇದ್ದಲ್ಲಿಯೇ ಜೀರ್ಣಿಸಿಬಿಡುತ್ತವೆ. ಪೇಟೆಯ ವಾಡೆಗಳಲ್ಲಿ ಬೆಳೆದವರಿಗೆ ನೆರೆಹೊರೆಯ ಜಗಳ ಗೊತ್ತು. ಆದರೂ ಇಷ್ಟು ಇರಲಿಲ್ಲ.

ಎರಡನೆಯದು ಇದಕ್ಕೆ ತಿರುಗುಮುರುಗು: ಹೊರಗೆ ಒಂದೇ ಮನೆ, ಒಳಗೆ ಹಲವು. ಇದು ಆಗುವುದು ಎರಡು ಬಗೆಯಲ್ಲಿ. ಅಕ್ಕಪಕ್ಕ ಅಂಟಿಕೊಂಡ ಎರಡು ಎಳೆಯ ಮರಿಗಳು, ತನ್ನವರು ಪರರು ಎಂಬ ಭೇದ ಇನ್ನೂ ಬಲಿಯದ ವಯಸ್ಸಿನಲ್ಲಿ, ಬೆಸೆದುಕೊಂಡು ಒಂದೇ ಮನೆಯಾಗಿ ಬೆಳೆಯಬಲ್ಲವು. ಆಸ್ಟ್ರೇಲಿಯಾದ ದೊಡ್ಡ ದಿಬ್ಬಸಾಲಿನಲ್ಲಿ ಒಂದು ಜಾತಿಯ ಬಲಿತ ಮನೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರರಲ್ಲಿ ಎರಡರಿಂದ ಐದು ಮನೆಗಳು ಇಂತಹ ಕೂಡುಮನೆಗಳಾಗಿದ್ದವು.

ಎರಡನೆಯ ಬಗೆ ನನಗೆ ಹೆಚ್ಚು ಸೋಜಿಗವೆನಿಸಿತು. ಪ್ರತಿಯೊಂದು ಮೊಗ್ಗು ಒಡೆಯುವಾಗಲೂ ಜೀವಕೋಶ ಇಬ್ಭಾಗವಾಗಬೇಕು. ಆಗ ಅದರೊಳಗಿನ ಡಿ.ಎನ್.ಎ. ಪೂರ್ತಿ ನಕಲಾಗಬೇಕು. ನಕಲಿನ ವಿಷಯ ಗುಮಾಸ್ತರಿಗೆ ಹೇಳಿಕೊಡಬೇಕಾಗಿಲ್ಲ. ಝೆರಾಕ್ಸ್ ಬರುವ ಮುನ್ನ ಒಂದು ಹುಕುಮನ್ನು ಟೈಪು ಮಾಡಿ, ಆ ಪ್ರತಿಯಿಂದ ಇನ್ನೊಂದು ಪ್ರತಿ ಮಾಡಿ, ಅದರಿಂದ ಮತ್ತೊಂದು ಮಾಡಿ ಊರೂರಿಗೆ ಕಳಿಸುತ್ತಿದ್ದರು. ಎಷ್ಟು ಎಚ್ಚರದ ಟೈಪಿಸ್ಟನಾದರೂ ಎಲ್ಲೋ ಒಂದು ಸೊನ್ನೆ ಹೆಚ್ಚು, ಎಲ್ಲೋ ಒಂದು ಅಕ್ಷರ ಲೋಪ. ಒಮ್ಮೆ ಬಿದ್ದ ತಪ್ಪು ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಮುಂದುವರಿಯುತ್ತದೆ. ಹಳೆಯ ಕಡತಗಳನ್ನು ಹರವಿಕೊಂಡು ಕೂತರೆ, ತಪ್ಪುಗಳನ್ನು ಹೋಲಿಸಿಯೇ ಯಾವ ಪ್ರತಿ ಯಾವುದರಿಂದ ಬಂತೆಂದು ಹೇಳಬಹುದು. ಹವಳದ ಮನೆಯಲ್ಲಿಯೂ ಇದೇ. ಒಂದು ಕೊಂಬೆಯ ಪಾಲಿಪ್‌ಗಳಲ್ಲಿ ಇರುವ ಒಂದು ಮಾರ್ಪಾಡು ಇನ್ನೊಂದು ಕೊಂಬೆಯಲ್ಲಿ ಇರುವುದಿಲ್ಲ. ಮನೆ ಹಳೆಯದಾದಷ್ಟೂ, ದೊಡ್ಡದಾದಷ್ಟೂ ಈ ಭೇದಗಳು ಹೆಚ್ಚು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ದ್ರಾಕ್ಷಿಯ ಅಂಗಡಿಗೆ ಹೋಗಿ. ಪುಣೆಯ ಮಾರುಕಟ್ಟೆಗೆ ಬರುವ ಉದ್ದುದ್ದ ಕಾಯಿಯ ಸೋನಾಕಾ ದ್ರಾಕ್ಷಿ ಯಾವ ಪ್ರಯೋಗಶಾಲೆಯಲ್ಲಿಯೂ ಹುಟ್ಟಿದ್ದಲ್ಲ. ಸೊಲ್ಲಾಪುರದ ಬಳಿಯ ನಾನಜ ಎಂಬ ಹಳ್ಳಿಯ ತೋಟದಲ್ಲಿ, ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿಯ ಬಳ್ಳಿಯಲ್ಲಿ ತಾನಾಗಿ ಕಾಣಿಸಿಕೊಂಡ ಮಾರ್ಪಾಡು ಅದು. ತೋಟಗಾರ ಅದನ್ನು ಗುರುತಿಸಿ ಬೇರೆ ಮಾಡಿ ಬೆಳೆಸಿದ. ಬಳ್ಳಿ ಒಂದೇ, ಅದರ ಒಂದು ಕಣ್ಣು ಮಾತ್ರ ಬೇರೆ ದಾರಿ ಹಿಡಿಯಿತು.

ಗಿಡಗಳಲ್ಲಿ ಇದು ಹೊಸದಲ್ಲ, ಆದರೆ ಪ್ರಾಣಿಗಳಲ್ಲಿ ಹೀಗಾಗದೆಂದು ನಂಬಿಕೆಯಿತ್ತು. ನಮ್ಮ ದೇಹದಲ್ಲಿ ವೀರ್ಯ, ಅಂಡಗಳ ಕೋಶಗಳು ಎಳೆಯದರಲ್ಲಿಯೇ ಬೇರೆಯಾಗಿ ಕಾಪಾಡಲ್ಪಡುತ್ತವೆ. ತಂದೆಯ ತೊಗಲಿನ ಕೋಶದಲ್ಲಿ ಬಿದ್ದ ತಪ್ಪು ಮಗನಿಗೆ ಬರುವುದಿಲ್ಲ. ಹವಳದಲ್ಲಿ ಆ ಗೋಡೆ ಅಷ್ಟು ಗಟ್ಟಿಯಲ್ಲವೆಂದು 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಇಲಿಯಾನಾ ಬೌಮ್ಸ್ ಮತ್ತು ಸಂಗಡಿಗರು ತೋರಿಸಿದರು. ಕಡವೆಗೊಂಬಿನ ಹವಳದ ಮನೆಯಲ್ಲಿ ಮಧ್ಯದಲ್ಲಿ ಹುಟ್ಟಿಕೊಂಡ ಮಾರ್ಪಾಡುಗಳು ಅದರ ಮರಿಗಳಲ್ಲಿಯೂ ಕಂಡವು. ಇದೇ ಹವಳದ ವಂಶಗಳ ವಯಸ್ಸನ್ನು ನಕಲಿನ ತಪ್ಪುಗಳನ್ನು ಎಣಿಸಿ ಲೆಕ್ಕ ಹಾಕಿದ್ದೂ ಉಂಟು, 2016ರಲ್ಲಿ. ತಪ್ಪು ಬೇಗ ಬೇಗ ಬೀಳುತ್ತದೆಂದು ಹಿಡಿದರೆ ಅತಿ ಹಳೆಯ ವಂಶಕ್ಕೆ ಎಂಟುನೂರು ವರುಷ ಮಿಕ್ಕಿತು. ನಿಧಾನ ಬೀಳುತ್ತದೆಂದು ಹಿಡಿದರೆ ಐದು ಸಾವಿರವೂ ದಾಟಿತು. ಸಣ್ಣ ಲೆಕ್ಕವನ್ನೇ ನಂಬಿದರೂ ಬಸವಣ್ಣನವರ ಕಾಲದ ಆಚೀಚೆಗೆ ಹುಟ್ಟಿದ ಒಂದು ಜೀವ, ಮುರಿದು ನೆಟ್ಟು ಮುರಿದು ನೆಟ್ಟು, ಇನ್ನೂ ಅದೇ ಜೀವವಾಗಿ ಬಾಳುತ್ತಿದೆ ಎಂದಾಯಿತು.

ಹೀಗೆ ಮನೆಗಳನ್ನು ಎಣಿಸಿದರೆ ಒಂದು ಸಂಖ್ಯೆ, ವಂಶಗಳನ್ನು ಎಣಿಸಿದರೆ ಇನ್ನೊಂದು. ಯಾವುದಾದರೇನು ಎನ್ನಬಹುದು. ಕಡಲು ತಂಪಾಗಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ.

ಶಿವಾಜಿನಗರದಲ್ಲಿ ಒಂದು ಚೌಕಕ್ಕೆ ಶಿಮ್ಲಾ ಆಫೀಸ್ ಎಂಬ ಹೆಸರು ಕೇಳಿ ಹೊಸಬರು ಬೆರಗಾಗುವುದುಂಟು. 1928ರಲ್ಲಿ ಹವಾಮಾನ ಇಲಾಖೆಯ ಕಚೇರಿ ಶಿಮ್ಲೆಯಿಂದ ಇಲ್ಲಿಗೆ ಬಂದುದರ ಗುರುತು ಅದು. ಅಂದಿನಿಂದ ಈ ಊರು ಮಳೆಗಾಳಿಯ ಲೆಕ್ಕ ಇಡುವ ಊರಾಗಿದೆ. ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 1982ರಿಂದ 2018ರವರೆಗಿನ ಸಮುದ್ರದ ಬಿಸಿಯನ್ನು ಪರಿಶೀಲಿಸಿ, ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಕಡಲಿನ ಬಿಸಿಯಲೆಗಳು ಹೆಚ್ಚುತ್ತ ಬಂದಿವೆಯೆಂದು 2022ರಲ್ಲಿ ಪ್ರಕಟಿಸಿದರು. ಬಿಸಿ ಹೆಚ್ಚಾದರೆ ಹವಳಕ್ಕೇನು? ಅದರ ಚರ್ಮದೊಳಗೆ ಪಾಚಿಯ ಜಾತಿಯ ಸೂಕ್ಷ್ಮಜೀವಿಗಳಿದ್ದು, ಬಿಸಿಲಿನಲ್ಲಿ ಆಹಾರ ತಯಾರಿಸಿ ಆಶ್ರಯದಾತನಿಗೂ ಕೊಡುತ್ತವೆ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದೇ. ನೀರಿನ ಬಿಸಿ ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಮೇಲೇರಿ ಕೆಲವು ವಾರ ನಿಂತರೆ ಹವಳವು ಈ ಅಡುಗೆಯವರನ್ನು ಹೊರಗಟ್ಟುತ್ತದೆ. ಮನೆ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಲ್ಲದಿದ್ದರೆ ಹಸಿವಿನಿಂದ ಸಾವು.

ಲಕ್ಷದ್ವೀಪದಲ್ಲಿ ಇದು 1998ರಲ್ಲಿ ಆಯಿತು, 2010ರಲ್ಲಿ ಆಯಿತು, 2016ರಲ್ಲಿ ಆಯಿತು, 2024ರಲ್ಲಿ ಮತ್ತೆ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಲ್ಲಿಯ ದಿಬ್ಬಗಳಿಗೆ ಮರಳಿ ಮರಳಿ ಹೋಗಿ ಅಳೆಯುತ್ತ ಬಂದಿದ್ದಾರೆ. ಅಗತ್ತಿ, ಕವರತ್ತಿ, ಮತ್ತು ನಮ್ಮ ಹಳೆಯ ಕಡಮತ್, ಈ ಮೂರು ದ್ವೀಪಗಳಲ್ಲಿ ಜೀವಂತ ಹವಳ ಆವರಿಸಿದ ತಳದ ಪಾಲು ಸುಮಾರು ಕಾಲು ಶತಮಾನದಲ್ಲಿ ನೂರಕ್ಕೆ 37ರ ಹತ್ತಿರದಿಂದ 20ಕ್ಕೂ ಕೆಳಗೆ ಇಳಿಯಿತು. ಅರ್ಧ ಹೋಯಿತು. ಪ್ರತಿ ಸಲವೂ ಬಿಡುವು ಸಿಕ್ಕಾಗ ಚಿಗುರುತ್ತದೆ. ಬಿಡುವಿನ ವರುಷಗಳೇ ಸಾಲುತ್ತಿಲ್ಲ.

ಬಿಸಿಯಲ್ಲಿ ಎಲ್ಲ ಮನೆಗಳೂ ಒಂದೇ ಸಮ ಸಾಯುವುದಿಲ್ಲ. ಒತ್ತಾಗಿ ನಿಂತ, ಒಂದೇ ಜಾತಿಯ, ಒಂದೇ ಬಿಸಿಲು ಕಂಡ ಎರಡು ಮನೆಗಳಲ್ಲಿ ಒಂದು ಬೆಳ್ಳಗಾಗಿ ಸತ್ತು ಇನ್ನೊಂದು ಬಣ್ಣ ಉಳಿಸಿಕೊಂಡು ನಿಲ್ಲುವುದನ್ನು ಮುಳುಗುಗಾರರು ಕಂಡಿದ್ದಾರೆ. ಒಳಗಿರುವ ಪಾಚಿಯ ತಳಿ ಅದಕ್ಕೆ ಒಂದು ಕಾರಣ. ಹವಳದ ಸ್ವಂತ ವಂಶವಾಹಿಗಳು ಇನ್ನೊಂದು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಸ್ಟ್ರೇಲಿಯಾದ ದಿಬ್ಬಸಾಲಿನ ಬಿಸಿಯಾದ ಉತ್ತರದ ಹವಳಕ್ಕೂ ತಂಪಾದ ದಕ್ಷಿಣದ ಹವಳಕ್ಕೂ ಸಂಕರ ಮಾಡಿ ಮರಿಗಳನ್ನು ಬಿಸಿನೀರಿನಲ್ಲಿಟ್ಟರು. ಉತ್ತರದ ತಂದೆಯೊ ತಾಯಿಯೊ ಇದ್ದ ಮರಿಗಳು ಬದುಕುವ ಸಂಭವ ಹತ್ತು ಪಟ್ಟಿನವರೆಗೂ ಹೆಚ್ಚಿತ್ತು. ತಾಯಿಯ ಕಡೆಯ ಕೊಡುಗೆ ಇನ್ನೂ ದೊಡ್ಡದು. ಅಂದಮೇಲೆ ಒಂದು ದಿಬ್ಬದಲ್ಲಿ ಎಷ್ಟು ಬಗೆಯ ವಂಶಗಳಿವೆಯೋ ಅಷ್ಟು ಬಗೆಯ ಉತ್ತರಗಳು ಬಿಸಿಗೆ ಸಿಕ್ಕುತ್ತವೆ.

ಒಂದೇ ವಂಶವಿದ್ದರೆ ಉತ್ತರವೂ ಒಂದೇ. ನಂಜನಗೂಡಿನ ರಸಬಾಳೆಯ ಕಥೆ ಹಿರಿಯರಿಗೆ ಗೊತ್ತು. ಬಾಳೆಗೆ ಬೀಜವಿಲ್ಲ, ಕಂದು ಕಿತ್ತು ನೆಡುವುದು. ತೋಟದ ತುಂಬ ಒಂದೇ ಗಿಡದ ತುಣುಕುಗಳು. ಪನಾಮಾ ರೋಗದ ಬೂಷ್ಟು ಮಣ್ಣಿಗೆ ಬಂದಾಗ ತಡೆದು ನಿಲ್ಲುವ ಗಿಡ ಒಂದೂ ಇಲ್ಲದೆ ತೋಟಕ್ಕೆ ತೋಟವೇ ಬಾಡಿತು. ಫ್ಲೋರಿಡಾದಲ್ಲಿ ಅದೇ ಕಥೆ ಕಡಲಲ್ಲಿ ನಡೆಯಿತು. ಅಲ್ಲಿ ಕಡವೆಗೊಂಬಿನ ಹವಳವೂ ಅದರ ಸೋದರ ಜಾತಿಯೂ ಮೊದಲೇ ಕಡಿಮೆಯಾಗಿ, ವಂಶಗಳೂ ಸವೆದುಹೋಗಿದ್ದವು. 2023ರ ಬೇಸಿಗೆಯ ಬಿಸಿಗೆ ಫ್ಲೋರಿಡಾ ಕೀಸ್ ಮತ್ತು ಡ್ರೈ ಟಾರ್ಟುಗಾಸ್ ಭಾಗದಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಸತ್ತವು. ಬಿಸಿ ಅಷ್ಟು ಅತಿಯಾಗಿತ್ತೆಂಬುದೂ ನಿಜ. ಎಲ್ಲವನ್ನೂ ವಂಶದ ಮೇಲೆ ಹೊರಿಸಲಾಗದು.

ಸತ್ತ ದಿಬ್ಬದ ಮೇಲೆ ಹವಳ ನೆಡುವ ಕೆಲಸ ಇಂದು ಜಗತ್ತಿನ ಅನೇಕ ಕಡೆ ನಡೆದಿದೆ. ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿಯಲ್ಲಿಯೂ ನಡೆದಿದೆ. ಕೊಂಬೆ ಮುರಿದು ನೆಟ್ಟರೆ ಬೇಗ ಬೆಳೆಯುತ್ತದೆ, ಚಿತ್ರ ತೆಗೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಸಾವಿರ ತುಂಡು ನೆಟ್ಟೆವೆಂಬ ವರದಿಯಲ್ಲಿ ಅವು ಎಷ್ಟು ಮನೆಗಳಿಂದ ಬಂದವು, ಆ ಮನೆಗಳು ಒಂದೇ ವಂಶದವೊ ಬೇರೆಯವೊ ಎಂಬ ಅಂಕಣವೂ ಇರಬೇಕು. ಇಂತಹ ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಆ ಅಂಕಣವನ್ನೇ. ಬಲ್ಲ ಸಸಿತೋಟಗಳಲ್ಲಿ ಈಗ ಒಂದೊಂದು ವಂಶಕ್ಕೂ ಸಂಖ್ಯೆ ಕೊಟ್ಟು ದಫ್ತರ ಇಡುತ್ತಾರೆ. ಹುಣ್ಣಿಮೆ ಕಳೆದ ರಾತ್ರಿಗಳಲ್ಲಿ ಹವಳವು ಅಂಡ, ವೀರ್ಯಗಳನ್ನು ನೀರಿಗೆ ಬಿಡುವ ಹೊತ್ತು ಕಾದು, ಬೇರೆ ಬೇರೆ ವಂಶಗಳನ್ನು ಕೂಡಿಸಿ ಹೊಸ ಮರಿ ಬೆಳೆಸುವುದೂ ಉಂಟು. ಅದು ನಿಧಾನದ, ದುಬಾರಿಯ ಕೆಲಸ.

2023ರ ಜುಲೈಯಲ್ಲಿ ಫ್ಲೋರಿಡಾದ ನೀರು ಕಾಯತೊಡಗಿದಾಗ ಸಸಿತೋಟದವರು ದೋಣಿಗಳಲ್ಲಿ ಹೋಗಿ ಹವಳದ ತುಂಡುಗಳನ್ನು ಕಿತ್ತು ತಂದು ದಡದ ತೊಟ್ಟಿಗಳಲ್ಲಿ ಇಟ್ಟರು. ಎಲ್ಲವನ್ನೂ ತರಲು ಹೊತ್ತೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ. ಆಗ ಅವರು ದೊಡ್ಡ ಮನೆಗಳನ್ನು ಆರಿಸಲಿಲ್ಲ, ಚೆಂದದವನ್ನು ಆರಿಸಲಿಲ್ಲ. ದಫ್ತರ ತೆರೆದು, ವಂಶಕ್ಕೆ ಕೆಲವು ತುಂಡುಗಳಂತೆ ಆರಿಸಿ ತಂದರು.